ಕೆಲಸ ಮುಂಚಿತವಾಗಿ ಬರೆದಿಡಲು ಯಾವುದು ವಾಸಿ: ಡೈರಿಯೋ, ಫೋನೋ, ಲಾಂಗ್ ನೋಟ್‌ಬುಕ್ಕೋ?

ದಿನಕ್ಕೊಂದು ಪುಟದ ಅಚ್ಚಾದ ಡೈರಿ, ಫೋನಿನ ಕ್ಯಾಲೆಂಡರ್, 200 ಪುಟದ ಗೆರೆ ಹಾಕಿದ ಲಾಂಗ್ ನೋಟ್‌ಬುಕ್. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಓಟು ನೋಟ್‌ಬುಕ್ಕಿಗೇ. ಒಂದು ಮಾತು ಗಮನದಲ್ಲಿರಲಿ: ಇದು ಸಣ್ಣ ಆಫೀಸಿನಲ್ಲಿ ಬಿಲ್ಲು, ಸಂಬಳ, ಜಿಎಸ್‌ಟಿ ನೋಡಿಕೊಳ್ಳುತ್ತ ದಿನವಿಡೀ ಒಂದೇ ಮೇಜಿನ ಮುಂದೆ ಕೂರುವವರ ಲೆಕ್ಕಾಚಾರ.

ಡೈರಿ ಹೊಸ ವರ್ಷಕ್ಕೆ ಯಾರಾದರೂ ಪುಕ್ಕಟೆ ಕೊಡುತ್ತಾರೆ, ಅದೇ ಅದರ ದೊಡ್ಡ ಗುಣ. ದುಡ್ಡು ಕೊಟ್ಟು ತರುವಂಥದ್ದಲ್ಲ. ಒಂದು ದಿನಕ್ಕೆ ಒಂದು ಪುಟ ಅಂದಾಗ ವಾರ ಒಟ್ಟಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಸೋಮವಾರದ ಪುಟದಲ್ಲಿ ಒಂಬತ್ತು ಕೆಲಸ ತುಂಬಿಸಿ ಗುರುವಾರ ಖಾಲಿ ಬಿಟ್ಟಿರುವುದು ಪುಟ ಮಗುಚುವ ತನಕ ಗೊತ್ತಾಗದು. ಅದು ಜನವರಿಗೆ ಶುರು, ನಮ್ಮ ಲೆಕ್ಕದ ವರ್ಷ ಏಪ್ರಿಲ್‌ಗೆ.

ಫೋನಿನ ಕ್ಯಾಲೆಂಡರ್ ಗಂಟೆ ನೋಡಿ ಮಾಡುವ ಕೆಲಸಕ್ಕೆ ಎತ್ತಿದ ಕೈ. ನಾಲ್ಕೂವರೆಗೆ ಹಲ್ಲಿನ ಡಾಕ್ಟರು, ಹನ್ನೊಂದಕ್ಕೆ ಮೀಟಿಂಗು, ಹಬ್ಬಕ್ಕೆ ಊರಿಗೆ ಹೋಗುವ ರೈಲು ಟಿಕೆಟ್ಟು (ಪ್ರಯಾಣಕ್ಕೆ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ): ಇವನ್ನೆಲ್ಲ ಅದಕ್ಕೇ ಒಪ್ಪಿಸಿ ನಿಶ್ಚಿಂತೆಯಿಂದ ಇರಬಹುದು.

ಎಡವಟ್ಟಾಗುವುದು ಗಡುವಿನ ಕೆಲಸದಲ್ಲಿ. ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್) ಗಡುವು 20ನೇ ತಾರೀಖು. ಹಾಗಾಗಿ ಕ್ಯಾಲೆಂಡರಿನಲ್ಲಿ 20ಕ್ಕೆ ಒಂದು ನಮೂದು ಹಾಕಿ, ಪ್ರತಿ ತಿಂಗಳೂ ಬರಲಿ ಎಂದು ಒತ್ತಿಬಿಡುತ್ತೇವೆ. ಆದರೆ ಗಡುವು ನೆನಪಾದರೆ ಸಾಲದು, ಕೆಲಸ ಶುರು ಮಾಡುವ ದಿನ ನೆನಪಾಗಬೇಕು. ಮಾರಾಟದ ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ ಗಡುವು 11. ಖರೀದಿ ಬಿಲ್ಲು ತಾಳೆ ನೋಡಲು ಬೇಕಾದ 2ಬಿ (ನಮಗೆ ಮಾರಿದವರು ಹಾಕಿದ ಬಿಲ್ಲುಗಳ ಪಟ್ಟಿ) ಜಿಎಸ್‌ಟಿ ಪೋರ್ಟಲಿನಲ್ಲಿ ಬರುವುದು 14ಕ್ಕೆ. ಅಲ್ಲಿಂದ ಉಳಿಯುವುದು ಆರೇ ದಿನ, ಅದರಲ್ಲೂ ಸಾಮಾನ್ಯವಾಗಿ ಒಂದು ಭಾನುವಾರ ಇರುತ್ತದೆ. ನಮಗೆ ಮಾರಿದ ಪಾರ್ಟಿ ಗಡುವಿನೊಳಗೆ ಅಪ್‌ಲೋಡ್ ಮಾಡದ ಬಿಲ್ಲು ಆ ತಿಂಗಳ 2ಬಿಯಲ್ಲಿ ಕಾಣದು, ಅದಕ್ಕೆ ಅವರಿಗೆ 8ರೊಳಗೇ ಫೋನ್ ಮಾಡಬೇಕು. ಅಂದರೆ ಒಂದು ಗಡುವಿಗೆ ಮೂರು ನಮೂದು ಬೇಕು: 8ಕ್ಕೆ ಫೋನು, 14ಕ್ಕೆ ತಾಳೆ, 18ಕ್ಕೆ ತೆರಿಗೆ ಕಟ್ಟುವ ಚಲನ್. ಟಿಡಿಎಸ್ (ಮೂಲದಲ್ಲೇ ಮುರಿದ ತೆರಿಗೆ, ಗಡುವು 7), ನೌಕರರ ಪಿಎಫ್ ಮತ್ತು ಇಎಸ್‌ಐಗೂ (ನೌಕರರ ವಿಮೆ; ಎರಡಕ್ಕೂ ಗಡುವು 15) ಹೀಗೇ ಹಾಕುತ್ತ ಹೋದರೆ ಫೋನು ದಿನವಿಡೀ ಗುಂಯ್‌ಗುಟ್ಟುತ್ತದೆ.

ಗುಂಯ್‌ಗುಟ್ಟಿದ್ದನ್ನು ನಾವೇನು ಮಾಡುತ್ತೇವೆ? ಎದುರಿಗೆ ಯಾರೋ ಕೂತಿರುತ್ತಾರೆ, ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತೇವೆ. ಅಲ್ಲಿಗೆ ಮುಗಿಯಿತು. ಕೆಲಸ ಆಗಿಲ್ಲ ಎನ್ನುವ ಗುರುತು ಎಲ್ಲೂ ಉಳಿಯದು, ಮರುದಿನ ಕ್ಯಾಲೆಂಡರ್ ಅದನ್ನು ಕೇಳುವುದೂ ಇಲ್ಲ. ಇದಕ್ಕೆ ಟು-ಡೂ ಆ್ಯಪ್ ಹಾಕಿಕೊಂಡರೆ ಉಲ್ಟಾ ತೊಂದರೆ: ಆಗದೆ ಉಳಿದದ್ದೆಲ್ಲ ಕೆಂಪಕ್ಷರದಲ್ಲಿ ರಾಶಿ ಬೀಳುತ್ತದೆ, ಆಮೇಲೆ ಆ್ಯಪ್ ತೆರೆಯಲೇ ಮನಸ್ಸಾಗದು. ಇನ್ನೊಂದು ಕಿರಿಕಿರಿ, ಬ್ಯಾಟರಿ ಉಳಿಸಲು ಹೋಗಿ ಕೆಲವು ಆಂಡ್ರಾಯ್ಡ್ ಫೋನುಗಳು ರಿಮೈಂಡರನ್ನೇ ನುಂಗಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಆಯ್ಕೆಗೆ ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಮಾಡಿ. ತಿಂಗಳ ಕೊನೆಯ ಕೆಲಸವನ್ನು 31ಕ್ಕೆ ಹಾಕಲೇಬೇಡಿ, 30 ದಿನದ ತಿಂಗಳನ್ನು ಹಾರಿಸಿಬಿಡುವ ಕ್ಯಾಲೆಂಡರ್‌ಗಳಿವೆ. 28ಕ್ಕೆ ಹಾಕಿ.

ತಿಥಿ ಹಿಡಿದು ಬರುವುದು ಫೋನಿನ 'ಪ್ರತಿ ವರ್ಷ'ಕ್ಕೆ ದಕ್ಕುವುದಿಲ್ಲ. ಗಣೇಶ ಚೌತಿ 2025ರಲ್ಲಿ ಆಗಸ್ಟ್ 27ಕ್ಕೆ, ಅಧಿಕ ಮಾಸದ 2026ರಲ್ಲಿ ಸೆಪ್ಟೆಂಬರ್ 14ಕ್ಕೆ. ಮನೆಯ ಶ್ರಾದ್ಧವೂ ಹೀಗೇ. ಬೆಂಗಳೂರು ಪ್ರೆಸ್‌ನಂಥ ಗೋಡೆ ಕ್ಯಾಲೆಂಡರ್ ನೋಡಿ ವರ್ಷಕ್ಕೊಮ್ಮೆ ಕೈಯಾರೆ ಬರೆದುಕೊಳ್ಳುವುದೇ ಸರಿ.

ಈಗ ನೋಟ್‌ಬುಕ್. ಎದುರುಬದುರಿನ ಎರಡು ಪುಟ ಒಂದು ವಾರಕ್ಕೆ. ವರ್ಷಕ್ಕೆ 104 ಪುಟ ಆಯಿತು. ಉಳಿದ 96ರಲ್ಲಿ ಮುಂದಿನ ಪುಟಗಳು ತಿಂಗಳ ಗಡುವಿಗೆ, ಹಿಂದಿನವು ಚಿಲ್ಲರೆ ಟಿಪ್ಪಣಿಗೆ. ಎಡಪುಟದಲ್ಲಿ ದಿನಕ್ಕೆ ನಾಲ್ಕೇ ಗೆರೆ. ನಾಲ್ಕರಲ್ಲಿ ಹಿಡಿಸದಿದ್ದರೆ ಆ ದಿನಕ್ಕೆ ಕೆಲಸ ಜಾಸ್ತಿಯಾಗಿದೆ ಎಂದೇ ಲೆಕ್ಕ. ಬಲಪುಟದ ಮೇಲರ್ಧದಲ್ಲಿ ದಿನ ಗೊತ್ತುಮಾಡದ ಕೆಲಸಗಳು, ಪಕ್ಕದಲ್ಲೇ ಅಂದಾಜು ನಿಮಿಷ: 'ಬ್ಯಾಂಕ್ ತಾಳೆ, 40', 'ಬಾಕಿ ಪಟ್ಟಿ, 25'. ಕೆಳಗರ್ಧದಲ್ಲಿ ಬೇರೆಯವರಿಂದ ಬರಬೇಕಾದ್ದು, ಕೇಳಿದ ತಾರೀಖಿನ ಸಮೇತ. ಈ ಕೆಳಗರ್ಧ ಒಂದಿದ್ದರೂ ಸಾಕು, ಅರ್ಧ ತಲೆನೋವು ಕಡಿಮೆ.

ಎಂಟು ಗಂಟೆಯ ದಿನಕ್ಕೆ ಐದು ಗಂಟೆಯ ಕೆಲಸ ಮಾತ್ರ ಬರೆಯಬೇಕು. ಮಿಕ್ಕ ಮೂರು ಗಂಟೆ ಫೋನು, ಬಂದುಹೋಗುವವರು, ತೆರೆಯದ ಪೋರ್ಟಲ್ಲು ತಿನ್ನುತ್ತವೆ. ಆದದ್ದಕ್ಕೆ ರೈಟ್ ಗುರುತು, ಮುಂದಕ್ಕೆ ಹೋದದ್ದಕ್ಕೆ ಬಾಣ. ಮುಂದೆ ಹಾಕಿದ್ದನ್ನು ಮತ್ತೆ ಬರೆಯಬೇಕಾಗುವುದನ್ನು ಹಲವರು ಪುಸ್ತಕದ ದೋಷ ಅನ್ನುತ್ತಾರೆ. ನನಗೆ ಅದೇ ಲಾಭ. 'ಹಳೇ ಫೈಲು ಜೋಡಿಸುವುದು' ಅಂತ ಮೂರನೇ ವಾರವೂ ಬರೆಯುವಾಗ ಕೈಗೆ ಬೇಸರ ಬರುತ್ತದೆ. ಆಗ ಒಂದೋ ಅದನ್ನು 'ಒಂದು ಕಪಾಟು, 30 ನಿಮಿಷ' ಎಂದು ತುಂಡು ಮಾಡುತ್ತೇನೆ, ಇಲ್ಲವೇ ಹೊಡೆದುಹಾಕುತ್ತೇನೆ.

ಮುಂದಿನ ವಾರದ ಪುಟವನ್ನು ಶನಿವಾರ ಸಂಜೆ ಬರೆಯಿರಿ, ಅರ್ಧ ಗಂಟೆ ಸಾಕು. ಸೋಮವಾರ ಬೆಳಿಗ್ಗೆಗೆ ಬಿಟ್ಟರೆ ಮೊದಲ ಫೋನ್ ಕರೆಗೇ ಅದು ಕೆಟ್ಟಿತು.

ಬೈಕಿನಲ್ಲಿ ಊರು ಸುತ್ತುವ ಸೇಲ್ಸ್‌ನವರಿಗೆ ಇದು ಹೊಂದದು, ಅವರು ಫೋನನ್ನೇ ನೆಚ್ಚಿಕೊಳ್ಳಲಿ. ಪುಸ್ತಕ ಕಳೆದುಹೋದರೆ ಏನೂ ಉಳಿಯುವುದಿಲ್ಲ ಎನ್ನುವುದೂ ನಿಜ. ಅದಕ್ಕೆ ವಾರದ ಪುಟ ಬರೆದ ಕೂಡಲೇ ಒಂದು ಫೋಟೋ ತೆಗೆದು ಆಫೀಸಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಒಳ್ಳೆಯದು, ಯಾರ ಹತ್ತಿರ ಏನು ಬಾಕಿ ಇದೆ ಎನ್ನುವುದು ಅವರಿಗೂ ಕಾಣುತ್ತದೆ.