ಶಿಮಾನೋ 105 ಡಿಐ2 ಲಿವರ್: ದೀರ್ಘ ಬಳಕೆಯ ವಿಮರ್ಶೆ

105 ಡಿಐ2 ಎಂದರೆ ರೋಡ್ ಸೈಕಲ್‌ಗೆ ಶಿಮಾನೋ ಮಾಡುವ ಎಲೆಕ್ಟ್ರಾನಿಕ್ ಗೇರ್ ವ್ಯವಸ್ಥೆ. 2022ರಲ್ಲಿ ಬಂದ ಅದರ ಲಿವರ್ (ಹ್ಯಾಂಡಲ್ ಮೇಲಿನ ಬ್ರೇಕ್-ಗೇರ್ ಹಿಡಿ), ಅಂದರೆ ಎಸ್‌ಟಿ-ಆರ್7170, ಬೆಂಗಳೂರಿನ ರಸ್ತೆಗೆ ಹೇಳಿ ಮಾಡಿಸಿದಂತಿದೆ. ಗೇರ್ ಕೇಬಲ್ಲೇ ಇಲ್ಲ. ಹಾಗಾಗಿ ಮಳೆಗಾಲದ ಕೆಸರು ಕೇಬಲ್ಲಿನ ಹೊರಕವಚದ ಒಳಗೆ ಹೊಕ್ಕು ಗೇರ್ ಬಿಗಿಯಾಗುವ ಕಾಟವೂ ಇಲ್ಲ. ಆದರೆ ಇದು ಹೈಡ್ರಾಲಿಕ್ ಡಿಸ್ಕ್ ಬ್ರೇಕ್‌ಗೆ ಮಾತ್ರ. ರಿಮ್ ಬ್ರೇಕ್ ಸೈಕಲ್ ಇದ್ದವರು ಬೇರೆ ನೋಡಬೇಕು.

ಲಿವರಿನಲ್ಲಿ ನನಗೆ ಒಪ್ಪಿಗೆಯಾಗದ್ದು ಬಟನ್‌ಗಳು. ಎರಡೂ ಅಕ್ಕಪಕ್ಕ ಅಂಟಿಕೊಂಡಂತಿವೆ. ಪೂರ್ತಿ ಬೆರಳಿನ ಗ್ಲೌಸ್ ಹಾಕಿ ರಸ್ತೆಯ ಹಳ್ಳಗಳ ಮೇಲೆ ಓಡಿಸುವಾಗ ತಪ್ಪು ಬಟನ್ ಒತ್ತಿಬಿಡುತ್ತದೆ. ಪ್ರತಿಸ್ಪರ್ಧಿ ಕಂಪನಿ ಸ್ರಾಮ್‌ನ ಎಲೆಕ್ಟ್ರಾನಿಕ್ ಗೇರ್ ರೈವಲ್ ಎಎಕ್ಸ್‌ಎಸ್‌ನಲ್ಲಿ ಈ ಗೊಂದಲವಿಲ್ಲ: ಒಂದು ಲಿವರಿಗೆ ಒಂದೇ ಪ್ಯಾಡಲ್, ಬಲಗೈ ಭಾರದ ಗೇರಿಗೆ, ಎಡಗೈ ಹಗುರಕ್ಕೆ, ಎರಡೂ ಒಟ್ಟಿಗೆ ಒತ್ತಿದರೆ ಪೆಡಲ್ ಬಳಿಯ ಮುಂದಿನ ಚೈನ್‌ರಿಂಗ್. ಹ್ಯಾಂಡಲ್‌ನ ಮೇಲ್ಭಾಗದಲ್ಲೂ ಹೆಚ್ಚುವರಿ ಸ್ವಿಚ್ ಬೇಕೆನ್ನುವವರು ಶಿಮಾನೋದ್ದೇ ಮೇಲಿನ ದರ್ಜೆಯ ಅಲ್ಟೆಗ್ರಾ ತಗೊಳ್ಳಿ, 105ರ ಲಿವರಿನಲ್ಲಿ ಅದಕ್ಕೆ ಜಾಗವಿಲ್ಲ.

ಜೋಡಿಸುವಾಗ ಮೊದಲು ಹ್ಯಾಂಗರ್, ಅಂದರೆ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಕೂರುವ ಕೊಂಡಿ, ನೇರವಿದೆಯೇ ಎಂದು ಗೇಜ್ ಹಾಕಿಸಿ. ಹ್ಯಾಂಗರ್ ಸ್ವಲ್ಪ ಬಾಗಿದ್ದರೂ ಶಿಮಾನೋ ಆ್ಯಪ್‌ನಲ್ಲಿ ಎಷ್ಟು ತಿದ್ದಿದರೂ ಒಂದು ತುದಿಯ ಗೇರ್ ಸರಿಯಾದರೆ ಇನ್ನೊಂದು ತುದಿ ಸದ್ದು ಮಾಡುತ್ತದೆ. "ಎಲೆಕ್ಟ್ರಾನಿಕ್ ಕೆಟ್ಟಿದೆ" ಎಂದು ಅಂಗಡಿಗೆ ಬರುವ ಎಷ್ಟೋ ಸೈಕಲ್‌ಗಳ ನಿಜವಾದ ಕಾಯಿಲೆ ಇದೇ.

ಆಮೇಲೆ ಲಿವರ್. 5 ಎಂಎಂ ಅಲೆನ್ ಕೀ, ಬಿಗಿತ 6ರಿಂದ 8 ನ್ಯೂಟನ್ ಮೀಟರ್. ಕಾರ್ಬನ್ ಹ್ಯಾಂಡಲ್ ಆದರೆ ಅದರ ಮೇಲೆ ಬರೆದ ಮಿತಿಯನ್ನು ಮೀರಬೇಡಿ. ಟೇಪ್ ಸುತ್ತುವ ಮೊದಲೇ ಎರಡೂ ಲಿವರ್‌ಗಳ ಮೇಲೆ ಸ್ಕೇಲ್ ಇಟ್ಟು ಮಟ್ಟ ನೋಡಿ, ಕೈ ಚಿಕ್ಕದಿದ್ದರೆ ರೀಚ್ ಸ್ಕ್ರೂ ತಿರುಗಿಸಿ ಬ್ರೇಕ್ ಹತ್ತಿರ ತನ್ನಿ. ಲಿವರನ್ನು ಡಿರೇಲರ್ ಜೊತೆ ನಿಸ್ತಂತುವಾಗಿ ಜೋಡಿಸಲು ಬೇಕಾದ ಕ್ಯೂಆರ್ ಕೋಡ್‌ನ ಫೋಟೋ ತೆಗೆದಿಡುವುದೂ ಆಗಲೇ. ಬ್ರೇಕ್ ಎಣ್ಣೆಯ ಹೋಸ್ ಕತ್ತರಿಸಿದರೆ ಪ್ರತಿಸಲವೂ ಹೊಸ ಆಲಿವ್, ಹೊಸ ಇನ್ಸರ್ಟ್ (ಹೋಸ್ ತುದಿ ಸೋರದಂತೆ ಹಿಡಿಯುವ ಸಣ್ಣ ತುಣುಕುಗಳು). ಹಳೆಯದನ್ನೇ ಮತ್ತೆ ಬಿಗಿದರೆ ಎಣ್ಣೆ ಒಸರುತ್ತದೆ. ಶಿಮಾನೋ ಬ್ರೇಕಿಗೆ ಮಿನರಲ್ ಆಯಿಲ್, ಸ್ರಾಮ್ ರೈವಲ್‌ಗೆ ಡಾಟ್ ದ್ರವ. ಅದಲುಬದಲಾದರೆ ಸೀಲ್‌ಗಳು ಹಾಳು, ಬ್ರೇಕ್ ಹಿಡಿಯದು.

ಗೇರ್ ಟ್ಯೂನ್ ಮಾಡಲು ಚೈನನ್ನು ಹಿಂದಿನ ಹಲ್ಲುಚಕ್ರಗಳಲ್ಲಿ ದೊಡ್ಡ ಕಡೆಯಿಂದ ಐದನೆಯದಕ್ಕೆ ತಂದು, ಅಡ್ಜಸ್ಟ್ ಮೋಡ್‌ನಲ್ಲಿ ಅದು ಪಕ್ಕದ ದೊಡ್ಡ ಹಲ್ಲುಚಕ್ರಕ್ಕೆ ತಾಗಿ ಸಣ್ಣಗೆ ಸದ್ದು ಮಾಡುವವರೆಗೆ ಒಳಗೆ ತನ್ನಿ. ನಂತರ ಸದ್ದು ನಿಂತು ಸರಾಗವಾಗುವಷ್ಟು ಒಂದೊಂದೇ ಹೆಜ್ಜೆ ಹೊರಗೆ. ನಂದಿ ಬೆಟ್ಟ ಹತ್ತುವವರು ಕೊಳ್ಳುವಾಗಲೇ 11-36 ಕ್ಯಾಸೆಟ್ (11ರಿಂದ 36 ಹಲ್ಲಿನ ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿಕೊಳ್ಳಿ, ಈ ಡಿರೇಲರ್ 36ರವರೆಗೆ ತೆಗೆದುಕೊಳ್ಳುತ್ತದೆ.

ಲಿವರ್ ಒಂದಕ್ಕೆ ಎರಡು ಸಿಆರ್1632 ಸೆಲ್, ಕಂಪನಿ ಹೇಳುವ ಬಾಳಿಕೆ ಸುಮಾರು ಮೂರೂವರೆ ವರ್ಷ. ಸ್ರಾಮ್ ಲಿವರಿನ ಸಿಆರ್2032 ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ, 1632 ಹುಡುಕಬೇಕು. ನಾಲ್ಕು ಸೆಲ್ ಮನೆಯಲ್ಲಿಟ್ಟಿರಿ. ಸೀಟ್‌ಪೋಸ್ಟ್ ಒಳಗಿನ ದೊಡ್ಡ ಬ್ಯಾಟರಿ ಇಳಿದಾಗ ಮೊದಲು ನಿಲ್ಲುವುದು ಮುಂದಿನ ಡಿರೇಲರ್. ಅದು ಸ್ಪಂದಿಸದಿದ್ದರೆ ಮನೆ ಕಡೆ ತಿರುಗಿ, ಹಿಂದಿನದು ಇನ್ನೂ ಸ್ವಲ್ಪ ದೂರ ನಡೆಯುತ್ತದೆ.

ಚಾರ್ಜಿಂಗ್ ವೈರ್ ಹಿಂದಿನ ಡಿರೇಲರಿಗೇ ಸಿಕ್ಕಿಸಬೇಕು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಪ್ಲಗ್ ಇಲ್ಲದೆ ಸೈಕಲ್ ನಿಲ್ಲಿಸುವವರಿಗೆ ಬ್ಯಾಟರಿ ಕಳಚಿ ಮನೆಗೆ ಒಯ್ಯಬಹುದಾದ ರೈವಲ್ಲೇ ವಾಸಿ. ಉಳಿದವರಿಗೆ 105.