ಮುಳ್ಳು ಇಳಿಸಿ ಕೇಳಿದ ‘ಕೈಂಡ್ ಆಫ್ ಬ್ಲೂ’

ಮನೆಗೆ ಬಂದ ಸ್ನೇಹಿತರಿಗೆ ಒಂದೇ ಒಂದು ರೆಕಾರ್ಡ್ ಕೇಳಿಸಲು ಸಮಯವಿದ್ದರೆ ನಾನು ಕೈಗೆತ್ತಿಕೊಳ್ಳುವುದು ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಎಲ್‌ಪಿಯನ್ನು. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಹಿಂದೊಮ್ಮೆ ಚರ್ಚ್ ಆಗಿದ್ದ ನ್ಯೂಯಾರ್ಕಿನ ಸ್ಟುಡಿಯೊ ಒಂದರಲ್ಲಿ ಧ್ವನಿಮುದ್ರಣಗೊಂಡು, ಅದೇ ವರ್ಷದ ಆಗಸ್ಟ್‌ನಲ್ಲಿ ಹೊರಬಂದ ಈ ಜಾಝ್ ಸಂಗೀತವನ್ನು ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಆದರೆ ಅದು ರೆಕಾರ್ಡಿನ ಎರಡು ಬದಿಗಳಿಗೆ ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ಎಂಬುದು ಅರಿವಾದದ್ದು ರೆಕಾರ್ಡ್ ಪ್ಲೇಯರಿನ ಮುಳ್ಳು ಇಳಿಸಿ, ನಡುವೆ ಎದ್ದು ಬದಿ ಮಗುಚಿ, ಪೂರ್ತಿ ಕೇಳಿದ ಮೇಲೆಯೇ.

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಸುತ್ತಿನ ವೇಗ ಬದಲಾಗದಿದ್ದರೂ, ಹೊರ ಅಂಚಿನ ಒಂದು ಸುತ್ತಿನಲ್ಲಿ ಮುಳ್ಳಿಗೆ ಸಿಗುವ ಗೆರೆಯ ಉದ್ದದಲ್ಲಿ ಅರ್ಧಕ್ಕಿಂತಲೂ ಕಡಿಮೆ ಒಳಗಿನ ಕೊನೆಯ ಸುತ್ತಿನಲ್ಲಿ ಸಿಗುವುದರಿಂದ, ಬದಿ ಮುಗಿಯುತ್ತ ಬಂದಂತೆ ಅಬ್ಬರದ ಸಂಗೀತ ಒಡೆದು ಕರ್ಕಶವಾಗುವುದುಂಟು. ಇಲ್ಲಿ ಮೊದಲ ಬದಿ ‘ಬ್ಲೂ ಇನ್ ಗ್ರೀನ್’ನೊಂದಿಗೂ ಎರಡನೆಯದು ‘ಫ್ಲಮೆಂಕೊ ಸ್ಕೆಚಸ್’ನೊಂದಿಗೂ ಮುಗಿಯುತ್ತದೆ; ಎರಡೂ ವಿಳಂಬ ಗತಿಯ, ಮೆಲುದನಿಯ ರಚನೆಗಳು. ಬಾಯಿಗೆ ದನಿ ತಗ್ಗಿಸುವ ಮ್ಯೂಟ್ ತೊಡಿಸಿದ ಡೇವಿಸ್ ಅವರ ಟ್ರಂಪೆಟ್ ಆ ಇಕ್ಕಟ್ಟಾದ ಗೆರೆಗಳಲ್ಲೂ ನಲುಗದೆ ಉಳಿಯುತ್ತದೆ.

ಮೊದಲ ರಚನೆಯಾದ ‘ಸೋ ವಾಟ್’ನ ಆರಂಭವನ್ನು ರಾತ್ರಿಯ ನಿಶ್ಶಬ್ದದಲ್ಲಿ ಕೇಳಬೇಕು. ಬಿಲ್ ಇವಾನ್ಸ್ ಅವರ ಪಿಯಾನೊ ಮತ್ತು ಪಾಲ್ ಚೇಂಬರ್ಸ್ ಅವರ ಬಾಸ್ ದಾರಿ ಹುಡುಕುವವರಂತೆ ಹೆಜ್ಜೆಯಿಟ್ಟು, ಬಳಿಕ ಬಾಸ್ ತಾನೇ ಮುಖ್ಯ ಸಾಲನ್ನು ನುಡಿಯುತ್ತದೆ, ಉಳಿದವರು ಎರಡೇ ಸ್ವರಗುಚ್ಛಗಳಲ್ಲಿ ಉತ್ತರಿಸುತ್ತಾರೆ. ನನ್ನ ಸಣ್ಣ ಸ್ಪೀಕರುಗಳಲ್ಲೂ ಬಾಸಿನ ತಂತಿಯ ಮೇಲೆ ಬೆರಳು ಆಡುವುದು ಕೇಳುತ್ತದೆ. ಜಾನ್ ಕೋಲ್ಟ್ರೇನ್ ಅವರ ತೀಕ್ಷ್ಣ ಟೆನರ್ ಸ್ಯಾಕ್ಸೊಫೋನ್, ಕ್ಯಾನನ್‌ಬಾಲ್ ಆಡರ್ಲಿ ಅವರ ನಗುಮೊಗದ ಆಲ್ಟೊ ಇವುಗಳ ಅಂತರವಂತೂ ಜಾಝ್ ಪರಿಚಯವಿಲ್ಲದವರಿಗೂ ತಕ್ಷಣ ತಿಳಿಯುತ್ತದೆ.

ಕೊಳ್ಳುವವರು ಗಮನಿಸಲೇಬೇಕಾದ ಸಂಗತಿಯೊಂದಿದೆ. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ, ಅಂದು ನುಡಿಸಿದ ಮೊದಲ ಬದಿಯ ಮೂರೂ ರಚನೆಗಳು ರೆಕಾರ್ಡಿನಲ್ಲಿ ವೇಗವಾಗಿ, ಏರಿದ ಶ್ರುತಿಯಲ್ಲಿ ಕೇಳಿಸುತ್ತಿದ್ದವು. ಸರಿಯಾದ ವೇಗದಲ್ಲಿದ್ದ ಮತ್ತೊಂದು ಟೇಪನ್ನು ಬಳಸಿ ಇದನ್ನು ತಿದ್ದಿದ್ದು 1990ರ ದಶಕದಲ್ಲಿ. ಸ್ನೇಹಿತರೊಬ್ಬರು ತಮ್ಮ ಹಳೆಯ ಪ್ರತಿಯನ್ನು ತಂದಾಗ ಎರಡನ್ನೂ ಒಂದರ ಹಿಂದೊಂದು ಕೇಳಿದೆವು. ಅವರಿಗೆ ಹಳೆಯದರ ಚುರುಕೇ ಪ್ರಿಯ, ಅದರೊಂದಿಗೆ ಅವರ ನೆನಪುಗಳಿವೆ. ನನಗೆ ತಿದ್ದಿದ ಪ್ರತಿಯಲ್ಲಿ ಟ್ರಂಪೆಟ್ಟಿನ ದನಿ ಇನ್ನಷ್ಟು ತುಂಬಿಕೊಂಡಂತೆ, ಸ್ವರಗಳ ನಡುವಿನ ಮೌನ ಹಿಗ್ಗಿದಂತೆ ಕೇಳಿಸಿತು. ಹೊಸದಾಗಿ ಕೊಳ್ಳುವವರಿಗೆ ಅದನ್ನೇ ಸೂಚಿಸುತ್ತೇನೆ.

ನನಗೆ ಮೊದಲು ಬಂದ ಪ್ರತಿಯಲ್ಲಿ ನಡುವಿನ ರಂಧ್ರ ಕೇಂದ್ರದಿಂದ ಸರಿದಿತ್ತು. ವೇಗದ ಭಾಗಗಳಲ್ಲಿ ಗೊತ್ತಾಗದ ಈ ದೋಷ, ‘ಫ್ಲಮೆಂಕೊ ಸ್ಕೆಚಸ್’ನಲ್ಲಿ ಟ್ರಂಪೆಟ್ ಒಂದೇ ಸ್ವರದ ಮೇಲೆ ನಿಂತಾಗ, ಶ್ರುತಿ ಸುತ್ತುಸುತ್ತಿಗೂ ಏರಿಳಿದು ಬಯಲಾಯಿತು. ಬದಲಿಗೆ ಬಂದ ಪ್ರತಿಯಲ್ಲಿ ನಾನು ಮೊದಲು ಮುಳ್ಳು ಇಳಿಸಿದ್ದು ಅಲ್ಲಿಯೇ. ಆ ಸ್ವರ ಅಲುಗದೆ ನಿಂತಿತ್ತು.