ಮೊದಲು ರೊಟ್ಟಿ ಊಟದ ಬಗ್ಗೆ, ಆಮೇಲೆ ಆ ಐದು ರಿವ್ಯೂಗಳ ಬಗ್ಗೆ

ಬೆಂಗಳೂರಿನ ವಿಜಯನಗರದ ಈ ಪುಟ್ಟ ಖಾನಾವಳಿಗೆ ನಾನು ಏಳೆಂಟು ತಿಂಗಳಿಂದ ಹೋಗುತ್ತಿದ್ದೇನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಕೊನೆಗೆ ಅನ್ನ ಸಾರು. ರೊಟ್ಟಿಯನ್ನು ಖಾನಾವಳಿ ನಡೆಸುವ ಅಕ್ಕ ಕೈಯಲ್ಲೇ ಬಡಿಯುತ್ತಾರೆ, ಆ ಸದ್ದು ಬೀದಿಗೇ ಕೇಳಿಸುತ್ತದೆ. ಎಣ್ಣೆಗಾಯಿಗೆ ಗುರೆಳ್ಳು ಪುಡಿ ಧಾರಾಳವಾಗಿ ಬೀಳುತ್ತದೆ. ಬೆಂಗಳೂರಿನಲ್ಲಿ ಈ ರುಚಿ ಸುಲಭಕ್ಕೆ ಸಿಗಲ್ಲ.

ಕೊರತೆ ಇಲ್ಲವೆಂದಲ್ಲ. ಇರುವುದು ನಾಲ್ಕೇ ಟೇಬಲ್, ಮಧ್ಯಾಹ್ನ ಒಂದು ಗಂಟೆಗೆ ಹೋದರೆ ನಿಂತು ಕಾಯಬೇಕು. ಮೊದಲು ನೀರಿನ ಲೋಟಗಳಲ್ಲಿ ಜಿಡ್ಡು ಇರುತ್ತಿತ್ತು. ಒಬ್ಬರು ಅದನ್ನೇ ಫೋಟೋ ಸಮೇತ ಬರೆದು ಮೂರು ಸ್ಟಾರ್ ಕೊಟ್ಟಿದ್ದರು. ಮುಂದಿನ ವಾರದಿಂದ ಲೋಟಗಳನ್ನು ಬಿಸಿನೀರಿನಲ್ಲಿ ತೊಳೆಯುವುದನ್ನು ನಾನೇ ನೋಡಿದ್ದೇನೆ. ಇಂಥ ರಿವ್ಯೂ ಬೇಕು, ಅದರಿಂದ ಅಂಗಡಿಗೂ ಒಳ್ಳೆಯದು, ಊಟಕ್ಕೆ ಬರುವವರಿಗೂ ಒಳ್ಳೆಯದು.

ಆದರೆ ಕಳೆದ ತಿಂಗಳು ಒಂದರ ಹಿಂದೆ ಒಂದು ಐದು ಜನ ಒಂದೊಂದೇ ಸ್ಟಾರ್ ಒತ್ತಿ ಹೋದರು. ಒಬ್ಬರು ಅಮಾವಾಸ್ಯೆ ದಿನ ಬಂದಿದ್ದರಂತೆ, ಬಾಗಿಲು ಮುಚ್ಚಿತ್ತಂತೆ. ಒಬ್ಬರಿಗೆ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ಇನ್ನೊಬ್ಬರಿಗೆ ಆ್ಯಪ್‌ನಲ್ಲಿ ತರಿಸಿದ ರೊಟ್ಟಿ ತಣ್ಣಗಾಗಿತ್ತು, ತಂದವರು ಮುಕ್ಕಾಲು ಗಂಟೆ ತಡ ಮಾಡಿದ್ದರು ಅಂತ ಅವರೇ ಬರೆದಿದ್ದಾರೆ. ಒಬ್ಬರಿಗೆ ಖಾರ ಜಾಸ್ತಿಯಾಯಿತು. ಐದನೆಯವರು ಒಂದಕ್ಷರವನ್ನೂ ಬರೆದಿಲ್ಲ.

ಇದರ ಲೆಕ್ಕ ನೋಡಿ. ಆಗ ಈ ಅಂಗಡಿಗೆ ಇದ್ದದ್ದು 20 ರಿವ್ಯೂ, ಸರಾಸರಿ 4.6. ಐದು ಒಂಟಿ ಸ್ಟಾರ್ ಸೇರಿದ್ದೇ ಅದು 3.9ಕ್ಕೆ ಇಳಿಯಿತು. ಮತ್ತೆ 4.6 ಮುಟ್ಟಬೇಕಾದರೆ 45 ಜನ ಐದಕ್ಕೆ ಐದು ಕೊಡಬೇಕು! ಅದೇ 2000 ರಿವ್ಯೂ ಇರುವ ದೊಡ್ಡ ಹೋಟೆಲಿಗೆ ಇದೇ ಐದು ಬಿದ್ದಿದ್ದರೆ 4.6 ಹಾಗೇ ಇರುತ್ತಿತ್ತು. ಮೊಬೈಲಿನಲ್ಲಿ ನಾವು ನಾಲ್ಕರ ಮೇಲಿನ ಹೋಟೆಲ್ ಮಾತ್ರ ತೋರಿಸು ಅಂತ ಒತ್ತುತ್ತೇವೆ ಅಲ್ವಾ, ಹಾಗೆ ಒತ್ತಿದವರ ಕಣ್ಣಿಗೆ ಈ ಖಾನಾವಳಿ ಈಗ ಬೀಳುವುದೇ ಇಲ್ಲ. ಆಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸಂಶೋಧಕ ಮೈಕೆಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್‌ನ ಹೋಟೆಲುಗಳನ್ನು ನೋಡಿ ಹೇಳಿದ್ದೂ ಇದಕ್ಕೆ ಹತ್ತಿರದ್ದೇ. ಯೆಲ್ಪ್ ಅನ್ನುವ ಅಲ್ಲಿನ ರಿವ್ಯೂ ಜಾಲತಾಣದಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇಕಡಾ 5ರಿಂದ 9ರಷ್ಟು ಏರುತ್ತದೆ, ಆದರೆ ಊರೂರಲ್ಲಿ ಶಾಖೆ ಇರುವ ದೊಡ್ಡ ಹೆಸರಿನ ಹೋಟೆಲುಗಳಿಗೆ ಇದು ತಟ್ಟುವುದೇ ಇಲ್ಲ.

ಅಕ್ಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹೊಸಬರು ಬರುತ್ತಿಲ್ಲ, ಮಿಕ್ಕ ಪಲ್ಯವನ್ನು ಏನು ಮಾಡುವುದು ಅನ್ನುವುದಷ್ಟೇ ಅವರ ಚಿಂತೆ. ಖಾರದ ರಿವ್ಯೂವನ್ನು ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಖಾರ ಆಗಿದ್ರ ಬಾಯಿಬಿಟ್ಟು ಹೇಳಬೇಕಿತ್ರೀ, ಇನ್ನೊಂದು ಸೌಟು ಮೊಸರು ಹಾಕ್ತಿದ್ದೆ" ಅಂದರು. ಆ ಮಾತು ಕೇಳಿ ನನಗೆ ತುಂಬಾ ಸಂಕಟವಾಯಿತು.

ಅವರ ಮಗನ ಜೊತೆ ಕೂತು ಐದಕ್ಕೂ ಮರ್ಯಾದೆಯಿಂದ ಉತ್ತರ ಹಾಕಿಸಿದೆ. ಅಮಾವಾಸ್ಯೆ ರಜೆಯನ್ನೂ ಅಂಗಡಿಯ ಪುಟದಲ್ಲಿ ಬರೆಸಿದೆ. ಪರಿಚಯದವರ ಕೈಲಿ ಸುಮ್ನೆ ಐದು ಸ್ಟಾರ್ ಹಾಕಿಸೋಣ ಅಂತ ಒಬ್ಬ ಗೆಳೆಯ ಹೇಳಿದ, ಬೇಡ ಅಂದೆ, ಊಟ ಮಾಡದವರ ಐದು ಸ್ಟಾರ್ ಕೂಡ ಸುಳ್ಳೇ. ಇಲ್ಲಿ ಉಂಡು ಖುಷಿಪಟ್ಟವರು ದಯವಿಟ್ಟು ಎರಡು ಸಾಲು ಬರೆಯಿರಿ, ತಪ್ಪಿದ್ದರೆ ಅದನ್ನೂ ಬರೆಯಿರಿ.

ನನ್ನದು ನಾಲ್ಕು ಸ್ಟಾರ್. ಕಾಯಿಸುವುದಕ್ಕೆ ಒಂದು ಕಡಿಮೆ. ಹನ್ನೆರಡೂವರೆಗೆ ಹೋದರೆ ಜಾಗ ಸಿಗುತ್ತದೆ. ಖಾರ ಆಗದವರು ಮೊದಲೇ ಹೇಳಿ. ಅಮಾವಾಸ್ಯೆ ದಿನ ಬಾಗಿಲು ತೆರೆಯುವುದಿಲ್ಲ.